ಗುರ್ಲಹೊಸೂರಿನ ನಟ, ಗಡಿಯಾಚೆಯ ಕೀರ್ತಿ

1878ರಲ್ಲಿ ಲಂಡನ್ನಿನ ಲೈಸಿಯಂ ಥಿಯೇಟರಿನ ಆಡಳಿತ ಹೆನ್ರಿ ಇರ್ವಿಂಗ್ ಎಂಬ ನಟನ ಕೈಗೆ ಬಂತು. 1838ರಲ್ಲಿ ಸಾಮರ್‌ಸೆಟ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದ ಈತನ ನಿಜ ಹೆಸರು ಜಾನ್ ಹೆನ್ರಿ ಬ್ರಾಡ್ರಿಬ್. ಸಣ್ಣಪುಟ್ಟ ಊರುಗಳ ಕಂಪನಿಗಳಲ್ಲಿ ವರ್ಷಗಟ್ಟಲೆ ದುಡಿದ ಮೇಲೆ 1871ರಲ್ಲಿ 'ದಿ ಬೆಲ್ಸ್' ನಾಟಕದಿಂದ ಹೆಸರು ಮಾಡಿದ. 1874ರಲ್ಲಿ ಈತನ ಹ್ಯಾಮ್ಲೆಟ್ ಇನ್ನೂರು ರಾತ್ರಿ ನಡೆಯಿತು. ನಾಟಕ ಆರಿಸುವುದು, ನಟರನ್ನು ಕೂಡಿಸುವುದು, ಪರದೆ-ಬೆಳಕು ಹೊಂದಿಸುವುದು, ಮುಖ್ಯ ಪಾತ್ರ ವಹಿಸುವುದು, ಲಾಭ-ನಷ್ಟಕ್ಕೆ ತಲೆ ಕೊಡುವುದು ಎಲ್ಲವೂ ಒಬ್ಬನದೇ. 1895ರಲ್ಲಿ ವಿಕ್ಟೋರಿಯಾ ರಾಣಿ ಈತನಿಗೆ 'ಸರ್' ಪದವಿ ಕೊಟ್ಟಳು. ಇಂಗ್ಲೆಂಡಿನಲ್ಲಿ ನಟನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. 1905ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನಿಗೆ ಜಾಗ ದೊರೆಯಿತು.

ಇರ್ವಿಂಗ್ ಲೈಸಿಯಂ ವಹಿಸಿಕೊಂಡ ಎರಡೇ ವರ್ಷಕ್ಕೆ, 1880ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಒಬ್ಬರು ಪುಣೆಯಲ್ಲಿ ಇಂಥದೇ ಸಾಹಸಕ್ಕೆ ಕೈಹಾಕಿದರು. ನಾಟಕ ಬರೆದರು, ಹಾಡು ಕಟ್ಟಿದರು, ಮಂಡಳಿ ಕೂಡಿಸಿದರು, ತಾವೇ ಬಣ್ಣ ಹಚ್ಚಿ ರಂಗಕ್ಕೆ ಬಂದರು. ಅವರು ಬಲವಂತ ಪಾಂಡುರಂಗ ಕಿರ್ಲೋಸ್ಕರ. ಜನ ಕರೆದದ್ದು ಅಣ್ಣಾಸಾಹೇಬ ಕಿರ್ಲೋಸ್ಕರ ಎಂದು. ಇಂಗ್ಲೆಂಡಿನ ನಟನಿಗೆ ಸಿಕ್ಕಂಥ ಸರ್ಕಾರಿ ಬಿರುದು ಅವರಿಗೆ ಸಿಗಲಿಲ್ಲ. ಮರಾಠಿ ರಂಗಭೂಮಿಯ ಇತಿಹಾಸದಲ್ಲಿ ಮಾತ್ರ ಅವರದು ಅಳಿಸಲಾಗದ ಹೆಸರು. ಕನ್ನಡ ಓದುಗರಿಗೆ ಕಿರ್ಲೋಸ್ಕರ ಎಂದೊಡನೆ ನೆನಪಾಗುವುದು ನೀರೆತ್ತುವ ಪಂಪು ಮತ್ತು ಎಂಜಿನ್ನು. ಆ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಹುಟ್ಟಿದ್ದು ಇದೇ ಗುರ್ಲಹೊಸೂರಿನಲ್ಲಿ, 1869ರಲ್ಲಿ.

ಅಣ್ಣಾಸಾಹೇಬರ ಮನೆಮಾತು ಮರಾಠಿ, ಊರ ಮಾತು ಕನ್ನಡ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನಕ್ಕೆ ಇದರಲ್ಲಿ ವಿಶೇಷವೇನೂ ಕಾಣದು. ನಿಪ್ಪಾಣಿ ದಾಟಿದರೆ ಕಾಗಲ, ಅದರಾಚೆ ಕೊಲ್ಲಾಪುರ. ಕಾಗವಾಡ ದಾಟಿದರೆ ಮಿರಜ, ಅದಕ್ಕೆ ಅಂಟಿಕೊಂಡಂತೆ ಸಾಂಗಲಿ. ಅಂಗಡಿಯಲ್ಲಿ ಒಂದು ಭಾಷೆ, ಅಡುಗೆಮನೆಯಲ್ಲಿ ಇನ್ನೊಂದು ಭಾಷೆ ಆಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಮರಾಠಿ ಸಂಗೀತ ನಾಟಕವೆಂಬ ದೊಡ್ಡ ಕಲೆ ರೂಪುಗೊಂಡದ್ದು ಇಂಥ ನೆಲದ ಸುತ್ತಮುತ್ತಲೇ. ಅದರಲ್ಲಿ ಕನ್ನಡದ ಪಾಲೆಷ್ಟು, ಮುಂದೆ ಅದರಿಂದ ಕನ್ನಡ ಪಡೆದದ್ದೆಷ್ಟು ಎಂಬ ಲೆಕ್ಕ ಗಡಿ ಜಗಳದ ಗದ್ದಲದಲ್ಲಿ ಹಿಂದೆ ಬಿದ್ದಿದೆ.

ಕರ್ಕಿ ಮೇಳ ಸಾಂಗಲಿಗೆ ಬಂದಾಗ

ಈ ಲೆಕ್ಕ ಶುರುವಾಗುವುದು ಅಣ್ಣಾಸಾಹೇಬರು ಹುಟ್ಟುವ ಹಿಂದಿನ ವರ್ಷ. 1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಹೋಯಿತು. ಸಾಂಗಲಿ ಆಗ ಪಟವರ್ಧನ ಮನೆತನದ ಸಂಸ್ಥಾನ. ಚಿಂತಾಮಣರಾವ್ ಅಪ್ಪಾಸಾಹೇಬರು ಅರಸರು. ಮೇಳದ ಆಟ ನೋಡಿದ ಅರಸರು ಇಂಥದನ್ನು ಮರಾಠಿಯಲ್ಲಿ ಮಾಡಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಭಾವೆಯವರು ಹಾಡು ಕಟ್ಟಿ, ಹುಡುಗರನ್ನು ಕೂಡಿಸಿ, ತಾಲೀಮು ನಡೆಸಿ 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ಆಡಿಸಿದರು. ಆ ದಿನವನ್ನೇ ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸಲಾಗುತ್ತದೆ. ಅದೇ 1843ರ ಮಾರ್ಚ್ 31ರಂದು ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬರ ಜನನವಾಗಿತ್ತು.

ಭಾವೆಯವರ ಆಟದ ರೀತಿ ನೋಡಿದರೆ ಕರ್ಕಿಯ ಋಣ ಕಾಣುತ್ತದೆ. ಯಕ್ಷಗಾನದಲ್ಲಿ ಭಾಗವತರು ಪದ ಹಾಡುತ್ತಾರೆ, ಪಾತ್ರಧಾರಿಗಳು ಅದರ ಅರ್ಥ ಹಿಡಿದು ಮಾತಾಡುತ್ತಾರೆ. ಭಾವೆಯವರಲ್ಲಿ ಭಾಗವತರ ಜಾಗಕ್ಕೆ ಸೂತ್ರಧಾರ ಬಂದ. ಹಾಡೆಲ್ಲ ಅವನದು. ಪಾತ್ರಧಾರಿಗಳು ಕಥೆಯ ಸಂದರ್ಭಕ್ಕೆ ತಕ್ಕಂತೆ ಸ್ವಂತ ಮಾತು ಹೊಸೆಯುತ್ತಿದ್ದರು. ಗಣಪತಿ, ಸರಸ್ವತಿ ಬಂದು ಹರಸುವುದು, ವಿದೂಷಕ ನಗಿಸುವುದು, ರಾಕ್ಷಸರು ಅಬ್ಬರಿಸುವುದು ಇವೆಲ್ಲ ನಮ್ಮ ಬಯಲಾಟ ನೋಡಿದವರಿಗೆ ಹೊಸದಲ್ಲ. 1851ರಲ್ಲಿ ಚಿಂತಾಮಣರಾಯರು ತೀರಿಕೊಂಡ ಮೇಲೆ ದರ್ಬಾರಿನ ಆಶ್ರಯ ತಪ್ಪಿತು. ಭಾವೆಯವರು ಊರೂರು ತಿರುಗಿ, ಟಿಕೆಟ್ ಇಟ್ಟು ಆಟ ನಡೆಸತೊಡಗಿದರು. 1853ರ ಹೊತ್ತಿಗೆ ಮುಂಬಯಿ ಕಂಡರು. ಅರಸನ ಅಂಗಳದ ಆಟ ಹಣ ಕೊಟ್ಟು ನೋಡುವ ನಾಟಕವಾದದ್ದು ಹೀಗೆ. ಅವರ ಹಿಂದೆಯೇ ಹಲವು ಮಂಡಳಿಗಳು ಹುಟ್ಟಿಕೊಂಡವು, ಕನ್ನಡದ ಊರುಗಳಲ್ಲೂ ಬಂದು ಕ್ಯಾಂಪು ಹಾಕಿದವು.

ಪಾತ್ರಧಾರಿಯ ಬಾಯಿಗೆ ಹಾಡು

ಅಣ್ಣಾಸಾಹೇಬರು ಹೆಚ್ಚಿನ ಓದಿಗೆ ಪುಣೆಗೆ ಹೋದರು. ಓದಿಗಿಂತ ನಾಟಕದ ಕಡೆಗೇ ಮನಸ್ಸು ವಾಲಿತು. ಬೆಳಗಾವಿಗೆ ಮರಳಿ ಶಿಕ್ಷಕರಾಗಿ, ಆಮೇಲೆ ಸರ್ಕಾರಿ ಕಚೇರಿಯ ನೌಕರರಾಗಿ ದುಡಿದರು. ಬೆಳಗಾವಿಯಲ್ಲಿದ್ದಾಗಲೂ ನಾಟಕದ ಗೀಳು ಬಿಡಲಿಲ್ಲ. ಶಂಕರಾಚಾರ್ಯರ ದಿಗ್ವಿಜಯದ ಮೇಲೆ ಗದ್ಯ ನಾಟಕವೊಂದನ್ನು ಬರೆದರು. ಅಲ್ಲಿ ಅವರ ಕೈಕೆಳಗೆ ಕಲಿತವರಲ್ಲಿ ಸಾಂಗಲಿಯ ಪಕ್ಕದ ಹರಿಪುರದ ಗೋವಿಂದ ಬಲ್ಲಾಳ ದೇವಲ ಒಬ್ಬರು. ಮುದುಕನಿಗೆ ಎಳೆ ಹುಡುಗಿಯನ್ನು ಮದುವೆ ಮಾಡಿಕೊಡುವ ಪದ್ಧತಿಯ ವಿರುದ್ಧ 1899ರಲ್ಲಿ 'ಸಂಗೀತ ಶಾರದಾ' ಎಂಬ ನಾಟಕವನ್ನು ರಂಗಕ್ಕೆ ತಂದ ದೇವಲ ಇವರೇ.

1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ಥಿಯೇಟರಿನಲ್ಲಿ ಅಣ್ಣಾಸಾಹೇಬರ 'ಸಂಗೀತ ಶಾಕುಂತಲ'ದ ಮೊದಲ ನಾಲ್ಕು ಅಂಕಗಳು ಪ್ರಯೋಗವಾದವು. ಕಥೆ ಕಾಳಿದಾಸನದು, ಎಲ್ಲರಿಗೂ ಗೊತ್ತಿದ್ದದ್ದೇ. ಬದಲಾದದ್ದು ಹಾಡುವವರು. ಅಲ್ಲಿಯವರೆಗೆ ಸೂತ್ರಧಾರನ ಸೊತ್ತಾಗಿದ್ದ ಹಾಡನ್ನು ಅಣ್ಣಾಸಾಹೇಬರು ಪಾತ್ರಧಾರಿಗಳ ಬಾಯಿಗೆ ಕೊಟ್ಟರು. ದುಷ್ಯಂತ ತನ್ನ ಮೋಹವನ್ನು ತಾನೇ ಹಾಡಬೇಕು, ಶಕುಂತಲೆ ತನ್ನ ಅಳಲನ್ನು ತಾನೇ ಹಾಡಬೇಕು. ಸೂತ್ರಧಾರ ನಾಂದಿ ಹಾಡಿ, ಪ್ರಸ್ತಾವನೆ ಮುಗಿಸಿ ಬದಿಗೆ ಸರಿಯಬೇಕು. ಆ ಸೂತ್ರಧಾರನ ವೇಷ ಹಾಕಿದವರು ಸ್ವತಃ ಅಣ್ಣಾಸಾಹೇಬರು. ಇನ್ನೊಂದು ಬದಲಾವಣೆ ಮಾತಿನದು. ಪಾತ್ರಧಾರಿ ಬಾಯಿಗೆ ಬಂದಂತೆ ಹೊಸೆಯುವ ಮಾತಿನ ಬದಲು ನಾಟಕಕಾರ ಬರೆದ ಮಾತೇ ನಿಂತಿತು.

ಇದರ ಪರಿಣಾಮ ದೊಡ್ಡದಾಯಿತು. ಇನ್ನು ಮುಂದೆ ನಟನೆಂದರೆ ಕಂಠವಿರಬೇಕು, ರಾಗ-ತಾಳದ ಶಿಕ್ಷಣವಿರಬೇಕು, ಅದರ ಜೊತೆಗೆ ಅಭಿನಯವೂ ಬರಬೇಕು. ಮೋರೋಬಾ ವಾಘೋಲೀಕರ, ಬಾಳಕೋಬಾ ನಾಟೇಕರರಂಥ ಗಾಯಕರು ಮಂಡಳಿಯಲ್ಲಿದ್ದರು. ಮುಂದೆ ಬಡೋದೆಯಿಂದ ಭಾವುರಾವ್ ಕೊಲ್ಹಟಕರ ಬಂದರು. ಸ್ತ್ರೀಪಾತ್ರದಲ್ಲಿ ಅವರ ಏರು ಶ್ರುತಿಯ ದನಿಗೆ ಜನ ಮರುಳಾದರು. 1882ರಲ್ಲಿ 'ಸಂಗೀತ ಸೌಭದ್ರ' ಬಂತು. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕೆನ್ನುವ ಬಲರಾಮ, ಅರ್ಜುನನಿಗೆ ಕೊಡಿಸಲು ಹೂಡುವ ಕೃಷ್ಣ, ನಡುವೆ ಸನ್ಯಾಸಿ ವೇಷದ ಅರ್ಜುನ. ಪುರಾಣದ ಕಥೆಯಾದರೂ ನಾಟಕದಲ್ಲಿ ನಡೆಯುವುದು ಕೂಡುಕುಟುಂಬದ ಮದುವೆ ಮಾತುಕತೆ. ಒಂದೂವರೆ ಶತಮಾನ ಸಮೀಪಿಸುತ್ತಿದ್ದರೂ ಈ ನಾಟಕ ರಂಗದಿಂದ ಇಳಿದಿಲ್ಲ.

ಅಣ್ಣಾಸಾಹೇಬರಿಗೆ ಸಿಕ್ಕ ಕಾಲ ಮಾತ್ರ ಕಡಿಮೆ. ಮೂರನೆಯ ಸಂಗೀತ ನಾಟಕ 'ರಾಮರಾಜ್ಯವಿಯೋಗ' ಪೂರ್ತಿಯಾಗುವ ಮುನ್ನವೇ, 1885ರ ನವೆಂಬರ್ 2ರಂದು, 42ನೇ ವಯಸ್ಸಿನಲ್ಲಿ ತೀರಿಕೊಂಡರು. ಸಂಗೀತ ನಾಟಕದ ಅವರ ಕೆಲಸವೆಲ್ಲ ಐದು ವರ್ಷಗಳದ್ದು. ಲೈಸಿಯಂನಲ್ಲಿ ಇರ್ವಿಂಗ್‌ಗೆ ಎರಡು ದಶಕಗಳಷ್ಟು ಕಾಲ ಸಿಕ್ಕಿತ್ತು.

ಮಟ್ಟು ಯಾರದು?

ಸಂಗೀತ ನಾಟಕದ ಕಲ್ಪನೆ ಅಣ್ಣಾಸಾಹೇಬರಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಮರಾಠಿ ರಂಗಚರಿತ್ರೆಗಳು ಹೆಚ್ಚಾಗಿ ಹೇಳುವುದು ಪಾರ್ಸಿ ಕಂಪನಿಯ ಕಥೆಯನ್ನು. ಪುಣೆಯಲ್ಲಿ ಪಾರ್ಸಿ ಮಂಡಳಿಯೊಂದರ ಹಾಡುನಾಟಕ ನೋಡಿ, ಮರಾಠಿಯಲ್ಲಿ ಇದೇಕೆ ಆಗಬಾರದೆಂದು ಅಣ್ಣಾಸಾಹೇಬರು ಪಣ ತೊಟ್ಟರು ಎಂಬುದು ಆ ಕಥೆ. ಕನ್ನಡ ರಂಗಭೂಮಿಯ ಇತಿಹಾಸ ಬರೆದವರು ಬೊಟ್ಟು ಮಾಡುವುದು ಧಾರವಾಡದ ಕಡೆಗೆ. ಚುರಮುರಿ ಶೇಷಗಿರಿರಾಯರು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು, ಅದಕ್ಕೆ ಹಾಡುಗಳನ್ನು ಕೂಡಿಸಿದ್ದರು. ಮರಾಠಿ ಶಾಕುಂತಲಕ್ಕಿಂತ ಅದು ಸುಮಾರು ಹತ್ತು ವರ್ಷ ಹಿಂದಿನದು. ಅಣ್ಣಾಸಾಹೇಬರಿಗೆ ದಾರಿ ತೋರಿಸಿದ್ದು ಈ ಕನ್ನಡ ಶಾಕುಂತಲವೇ ಎಂಬುದು ಅವರ ವಾದ.

ಎರಡರಲ್ಲಿ ಒಂದನ್ನೇ ಆರಿಸಬೇಕೆಂದೇನಿಲ್ಲ. ಪಾರ್ಸಿ ಆಟ ಕಿಡಿ ಹಚ್ಚಿರಬಹುದು, ಉರಿಯಲು ಸೌದೆ ಮೊದಲೇ ಒಟ್ಟಿದ್ದಿರಬಹುದು. ಅಣ್ಣಾಸಾಹೇಬರು ಬಳಸಿದ ಧಾಟಿಗಳಲ್ಲಿ ಕೀರ್ತನೆಯ ಸಾಕಿ-ದಿಂಡಿಗಳಿವೆ, ಲಾವಣಿಯಿದೆ, ಹಿಂದೂಸ್ತಾನಿ ರಾಗಗಳಿವೆ, ಕನ್ನಡ ಪದಗಳ ಮಟ್ಟುಗಳೂ ಇವೆ. ಕಡೆಯದನ್ನು ಮರಾಠಿ ಸಂಗೀತಜ್ಞರೂ ಅಲ್ಲಗಳೆದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರ ಕಿವಿಯಲ್ಲಿ ಕನ್ನಡದ ಮಟ್ಟುಗಳು ಉಳಿದಿದ್ದರೆ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಗೋಕಾಕ-ರಾಯಬಾಗ ಭಾಗದ ಶ್ರೀಕೃಷ್ಣ ಪಾರಿಜಾತವನ್ನು ನೆನೆಯಲೇಬೇಕು. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಹದಗೊಳಿಸಿದ ಈ ಆಟ ಹತ್ತೊಂಬತ್ತನೇ ಶತಮಾನದಲ್ಲೇ ಕೃಷ್ಣೆ-ಘಟಪ್ರಭೆಯರ ಸೀಮೆಯಲ್ಲಿ ಮನೆಮಾತಾಗಿತ್ತು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಹೆಸರು ಈ ಆಟದಿಂದಲೇ ಊರೂರಿಗೆ ಹಬ್ಬಿತು. ಪಾರಿಜಾತದಲ್ಲಿ ಭಾಗವತನಿದ್ದಾನೆ. ಆದರೆ ಕೃಷ್ಣ, ಸತ್ಯಭಾಮೆ, ರುಕ್ಮಿಣಿಯರ ಹಾಡನ್ನೆಲ್ಲ ಅವನೊಬ್ಬನೇ ಹಾಡಿ ಮುಗಿಸುವುದಿಲ್ಲ. ಸತ್ಯಭಾಮೆ ತನ್ನ ಮುನಿಸನ್ನು ತಾನೇ ಹಾಡುತ್ತಾಳೆ, ಹಿಮ್ಮೇಳ ಪಲ್ಲವಿ ಎತ್ತಿಕೊಳ್ಳುತ್ತದೆ, ನಡುನಡುವೆ ಭಾಗವತ ಮಾತಿಗೆ ಎಳೆಯುತ್ತಾನೆ. ಪುಣೆಯ ಪ್ರೇಕ್ಷಕರಿಗೆ 1880ರಲ್ಲಿ ಹೊಸದಾಗಿ ಕಂಡ 'ಪಾತ್ರಧಾರಿಯೇ ಹಾಡುವ' ಕ್ರಮ ಈ ಸೀಮೆಯ ಹಳ್ಳಿಗರಿಗೆ ರೂಢಿಯ ಮಾತಾಗಿತ್ತು. ಅಣ್ಣಾಸಾಹೇಬರು ಪಾರಿಜಾತದಿಂದಲೇ ಇದನ್ನು ಎತ್ತಿಕೊಂಡರು ಎಂದು ಹೇಳಲು ಹೊರಟರೆ ಅತಿಯಾದೀತು. ಅವರು ಬೆಳೆದ ಜಿಲ್ಲೆಯಲ್ಲಿ ಅಂಥ ಆಟವಿತ್ತು ಎಂಬುದನ್ನು ಮರೆತರೆ ಅದೂ ತಪ್ಪಾದೀತು.

ಸಂಸ್ಥಾನಗಳ ನೆರಳಿನಲ್ಲಿ

ಇಂದಿನ ನಕಾಶೆ ಇಟ್ಟುಕೊಂಡು ಆ ಕಾಲವನ್ನು ನೋಡಿದರೆ ಏನೂ ತಿಳಿಯದು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ರಾಯಬಾಗ ಕೊಲ್ಲಾಪುರ ಸಂಸ್ಥಾನದ ಮಹಲು. 1949ರಲ್ಲಿ ಸಂಸ್ಥಾನ ವಿಲೀನವಾದಾಗಲೇ ಅದು ಬೆಳಗಾವಿ ಜಿಲ್ಲೆಗೆ ಸೇರಿದ್ದು. ಬೆಳಗಾವಿಗೆ ಹೊಂದಿಕೊಂಡ ಶಹಾಪುರ ಸಾಂಗಲಿ ಸಂಸ್ಥಾನದ ಪೇಟೆ, ತೇರದಾಳವೂ ಸಾಂಗಲಿಯದೇ. ಕಲಾವಿದರಿಗೆ ಅನ್ನ ಹಾಕುವ ಅರಸ ಸಾಂಗಲಿ, ಮಿರಜ, ಕೊಲ್ಲಾಪುರಗಳಲ್ಲಿದ್ದ. ಆ ಅರಸನ ಪ್ರಜೆ ಕನ್ನಡ ಆಡುವವನಾಗಿರಬಹುದು, ಮರಾಠಿ ಆಡುವವನಾಗಿರಬಹುದು. ಮಿರಜ, ಕುಡಚಿ, ರಾಯಬಾಗ, ಬೆಳಗಾವಿಗಳನ್ನು ರೈಲು ಜೋಡಿಸಿದ ಮೇಲೆ ಪರದೆಯ ಸುರುಳಿ, ಪೆಟ್ಟಿಗೆ-ಪಟಾರಿ ಸಾಗಿಸುವುದು ಕಂಪನಿಗಳಿಗೆ ಇನ್ನಷ್ಟು ಸುಲಭವಾಯಿತು.

ರಾಯಬಾಗಕ್ಕೂ ಅರಸರಾಗಿದ್ದ ಕೊಲ್ಲಾಪುರದ ಶಾಹೂ ಮಹಾರಾಜರು ನಾರಾಯಣರಾವ್ ರಾಜಹಂಸ ಎಂಬ ಹುಡುಗನ ದನಿ ಮೆಚ್ಚಿ ಪೋಷಿಸಿದರು. ಆ ಹುಡುಗ 1905ರಲ್ಲಿ ಕಿರ್ಲೋಸ್ಕರ ಮಂಡಳಿಗೆ ಸೇರಿ ಮಿರಜದಲ್ಲಿ ಶಕುಂತಲೆಯಾಗಿ ರಂಗಕ್ಕೆ ಬಂದ. ಅವರೇ ಬಾಲಗಂಧರ್ವರು. 1913ರಲ್ಲಿ ಸ್ವಂತ ಗಂಧರ್ವ ಮಂಡಳಿ ಕಟ್ಟಿಕೊಳ್ಳುವವರೆಗೂ ಅವರು ಅಣ್ಣಾಸಾಹೇಬರು ಸ್ಥಾಪಿಸಿದ ಮನೆಯಲ್ಲೇ ಬೆಳೆದರು. ಅವರು ಉಟ್ಟ ಸೀರೆಯ ರೀತಿ, ಮುಡಿದ ಹೂವಿನ ರೀತಿಯನ್ನು ಮನೆವಂತ ಹೆಂಗಸರು ಅನುಸರಿಸುತ್ತಿದ್ದರು. ಅವರ ಉತ್ತರ ಜೀವನದಲ್ಲಿ ಜೊತೆಯಾಗಿ, ರಂಗದಲ್ಲಿ ಸ್ತ್ರೀಪಾತ್ರ ವಹಿಸಿದ ಗೋಹರಬಾಯಿ ಬೀಳಗಿಯ ಕನ್ನಡತಿ.

ಬಾಲಗಂಧರ್ವರಿಗೆ ಸರಿಸಾಟಿಯೆನಿಸಿದ ಕೊಲ್ಲಾಪುರದ ಕೇಶವರಾವ್ ಭೋಸಲೆ ತಮ್ಮ 'ಲಲಿತ ಕಲಾದರ್ಶ' ಮಂಡಳಿಯನ್ನು ಶುರು ಮಾಡಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. ಕುಂದಗೋಳದ ರಾಮಚಂದ್ರರಾಯರು ಸವಾಯಿ ಗಂಧರ್ವರಾಗಿ ಮರಾಠಿ ರಂಗದಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾದರು. ಇತ್ತ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕನ್ನಡ ಕಂಪನಿಯ ಬಾಲನಟ. ಅವರಿಗೆ ಸಂಗೀತ ಕಲಿಸಿದ ನೀಲಕಂಠಬುವಾ ಮಿರಜದವರು. ಯಾರು ಯಾವ ಭಾಷೆಯವರು ಎಂದು ಗೆರೆ ಎಳೆಯ ಹೊರಟರೆ ಒಬ್ಬೊಬ್ಬರ ಬದುಕಿನ ನಡುವೆಯೇ ಗೆರೆ ಹಾಯುತ್ತದೆ.

ಕನ್ನಡಕ್ಕೆ ಬಂದ ಎಚ್ಚರ

ಈ ಕೊಡುಕೊಳೆಯೆಲ್ಲ ನಗುನಗುತ್ತ ನಡೆಯಿತು ಎಂದು ತಿಳಿಯಬಾರದು. ಆ ಕಾಲದ ಮುಂಬಯಿ ಕರ್ನಾಟಕದಲ್ಲಿ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ಅನ್ನು 1871ರಲ್ಲಿ 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದವರೂ ಇವರೇ. ಮರಾಠಿ ಮಂಡಳಿಗಳು ಕನ್ನಡ ಊರುಗಳಲ್ಲಿ ಟಿಕೆಟ್ ಮಾರಿ ಹಣ ಒಯ್ಯುತ್ತಿದ್ದವು. ಕನ್ನಡಿಗರು ಅರ್ಥವಾದಷ್ಟು ಸವಿದು, ಮರಾಠಿ ಪದಗಳನ್ನು ಗುನುಗುತ್ತ ಮನೆಗೆ ಹೋಗುತ್ತಿದ್ದರು.

ಗದುಗಿನಲ್ಲಿ ಇದನ್ನು ಕಂಡು ಮರುಗಿದವರು ಶಾಲಾಶಿಕ್ಷಕ ಸಕ್ಕರಿ ಬಾಳಾಚಾರ್ಯರು. ಶಾಂತಕವಿ ಎಂಬ ಹೆಸರಿನಿಂದ ಅವರು 'ಉಷಾಹರಣ' ಮೊದಲಾದ ಕನ್ನಡ ನಾಟಕಗಳನ್ನು ಬರೆದರು, 1870ರ ದಶಕದಲ್ಲೇ ವೀರನಾರಾಯಣ ಪ್ರಸಾದಿತ ಕೃತಪುರ ನಾಟಕ ಮಂಡಳಿ ಕಟ್ಟಿದರು. ಅವರ ವಿರೋಧ ಮರಾಠಿ ಕಲೆಯ ಮೇಲಿರಲಿಲ್ಲ, ಕನ್ನಡಿಗರ ಉದಾಸೀನದ ಮೇಲಿತ್ತು. ಕನ್ನಡ ಮಾತಿಗೆ ಮರಾಠಿ ಮಟ್ಟು ಹೊಂದಿಸಲು ಆ ಪೀಳಿಗೆಯ ನಾಟಕಕಾರರು ಹಿಂಜರಿಯಲಿಲ್ಲ.

ಮುಂದಿನ ಅರ್ಧ ಶತಮಾನದಲ್ಲಿ ಶಿರಹಟ್ಟಿ ವೆಂಕೋಬರಾಯರು, ವಾಮನರಾವ್ ಮಾಸ್ತರರು, ಗರುಡ ಸದಾಶಿವರಾಯರು ಕಟ್ಟಿದ ಕಂಪನಿಗಳಲ್ಲಿ ಕಾಲ್ಪೆಟ್ಟಿಗೆಯ ಮುಂದೆ ಕೇಳಿಬಂದ ರಂಗಗೀತೆಗಳಿಗೆ ಮರಾಠಿ ನಾಟ್ಯಸಂಗೀತದ ನಂಟಿದೆ. 'ಒನ್ಸ್ ಮೋರ್' ಕೂಗು ಪುಣೆಯಲ್ಲಿ ಹೇಗೋ ಅಥಣಿ, ಚಿಕ್ಕೋಡಿಗಳ ತಗಡಿನ ಥಿಯೇಟರುಗಳಲ್ಲೂ ಹಾಗೆಯೇ. ಬೆಳಗಾವಿ ಜಿಲ್ಲೆಯ ಏಣಗಿಯವರಾದ ನಾಡೋಜ ಏಣಗಿ ಬಾಳಪ್ಪನವರು ಈ ಪರಂಪರೆಯ ಕೊನೆಯ ದೊಡ್ಡ ಕೊಂಡಿ. 1914ರಲ್ಲಿ ಹುಟ್ಟಿ, ಸ್ತ್ರೀಪಾತ್ರಗಳಿಂದ ಹೆಸರು ಪಡೆದು, ಕಲಾವೈಭವ ನಾಟ್ಯ ಸಂಘದ ಮಾಲೀಕರಾಗಿ ಬಸವೇಶ್ವರನ ಪಾತ್ರದಿಂದ ಜನಮನ ಗೆದ್ದ ಅವರು 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಅಗಲಿದರು. ಬರೆಯುವ ಕೆಲಸವೊಂದನ್ನು ಬಿಟ್ಟರೆ ಅವರೂ ಇರ್ವಿಂಗ್ ಮತ್ತು ಅಣ್ಣಾಸಾಹೇಬರ ಹಾಗೆ ನಟ-ಮಾಲೀಕರೇ. ಬಣ್ಣ ಒರೆಸಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಲೆಕ್ಕಕ್ಕೆ ಕೂರಬೇಕಾದವರು.

ಬಾಕಿ ಉಳಿದ ಲೆಕ್ಕ

1956ರಲ್ಲಿ ಭಾಷಾವಾರು ಪ್ರಾಂತಗಳಾದವು. ಬೆಳಗಾವಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ತಾಲ್ಲೂಕು ಮುಂಬಯಿ ರಾಜ್ಯದಲ್ಲಿ ಉಳಿಯಿತು. ಜತ್ತ, ಅಕ್ಕಲಕೋಟೆಗಳ ಕನ್ನಡಿಗರು ಆಚೆ, ನಿಪ್ಪಾಣಿಯ ಮರಾಠಿಗರು ಈಚೆ. ವ್ಯಾಜ್ಯ 2004ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲಿಗೂ ಹೋಯಿತು. ಜಗಳ ಕಾವೇರಿದಾಗೆಲ್ಲ ಬಸ್ಸು ನಿಲ್ಲುತ್ತವೆ, ಬೋರ್ಡುಗಳಿಗೆ ಮಸಿ ಬೀಳುತ್ತದೆ. ಅಂಥ ಹೊತ್ತಿನಲ್ಲಿ ಎರಡೂ ಕಡೆಯವರು ತಮ್ಮ ರಂಗಭೂಮಿಯನ್ನು ತಮ್ಮದೇ ಸ್ವಂತ ದುಡಿಮೆಯೆಂದು ಹೇಳಿಕೊಳ್ಳುತ್ತಾರೆ.

ದಾಖಲೆ ಹೇಳುವುದು ಬೇರೆ. ಕರ್ಕಿಯ ಮೇಳ ಹೋಗದಿದ್ದರೆ ಮರಾಠಿ ರಂಗಭೂಮಿಯ ಹುಟ್ಟುಹಬ್ಬಕ್ಕೆ ಇನ್ನೊಂದು ತಾರೀಖು ಹುಡುಕಬೇಕಿತ್ತು. ಮರಾಠಿ ಮಂಡಳಿಗಳು ಬರದಿದ್ದರೆ ಶಾಂತಕವಿಗಳಿಗೆ ಆ ಛಲ ಹುಟ್ಟುತ್ತಿತ್ತೋ ಇಲ್ಲವೋ, ಕನ್ನಡ ಕಂಪನಿ ನಾಟಕಕ್ಕೆ ಆ ಸಂಗೀತ ಸಿಗುತ್ತಿರಲಿಲ್ಲ. ಈ ಎರಡರ ನಡುವೆ ನಿಂತವರು ಗುರ್ಲಹೊಸೂರಿನ ಅಣ್ಣಾಸಾಹೇಬರು. ಅವರನ್ನು ಕನ್ನಡಿಗರೆಂದು ಕರೆದು ಎಳೆದುಕೊಳ್ಳುವ ಅಗತ್ಯವಿಲ್ಲ, ಮರಾಠಿಗರೆಂದು ಬಿಟ್ಟುಕೊಡುವ ಅಗತ್ಯವೂ ಇಲ್ಲ. ಹುಟ್ಟಿದ ಜಿಲ್ಲೆಯ ಶಾಲೆಗಳಲ್ಲಿ ಅವರ ಬಗ್ಗೆ ಒಂದು ಪಾಠ, ಮಾರ್ಚ್ 31ರಂದು ಬೆಳಗಾವಿಯಲ್ಲಿ ಎರಡೂ ಭಾಷೆಗಳ ಒಂದೊಂದು ಶಾಕುಂತಲ ಎಂದು ಕೇಳಿದರೆ ದೊಡ್ಡ ಖರ್ಚಿನ ಮಾತೇನಲ್ಲ.

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಇಂದಿಗೂ ಮಹಾರಾಷ್ಟ್ರದ ಭಕ್ತರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಅವರೂ ನಮ್ಮವರೂ ಒಂದೇ ಸಾಲಿನಲ್ಲಿ ನಿಂತು ಭಂಡಾರ ಎರಚುತ್ತಾರೆ. ಹಳೆಯ ಕಂಪನಿಗಳ ಮುಂದೆ ಕುಳಿತ ಪ್ರೇಕ್ಷಕರೂ ಹೀಗೆಯೇ ಇದ್ದರು. ಹಾಡು ಚೆನ್ನಾಗಿದ್ದರೆ ಅದು ಯಾವ ಭಾಷೆಯದಾದರೂ ಇನ್ನೊಮ್ಮೆ ಹಾಡಿಸುತ್ತಿದ್ದರು.